ಮಂಡೆ ಭಾರದ ಲೆಕ್ಕ

ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಅರ್ಧ ಆಡಿಟರ್ ಆಗಿಬಿಟ್ಟಿದ್ದಾರೆ. ಯಾರೋ ಸೀನಿಯರ್ ಆಫರ್ ಲೆಟರ್ ವಾಟ್ಸಾಪ್‌ನಲ್ಲಿ ಬಂತು ಅಂದ್ರೆ ಮೊದಲು ಸಿಟಿಸಿ ನೋಡೋದು, ಆಮೇಲೆ ಕೈಗೆ ಎಷ್ಟು ಬರ್ತದೆ ಅಂತ ಕಳೆಯೋದು. ಕಳೆಯುವಾಗ ಎರಡು ಸಾಲುಗಳ ಮೇಲೆ ಎಲ್ಲರಿಗೂ ಸಿಟ್ಟು. ಒಂದು, ಪಿ.ಎಫ್.ಗೆ ಕಂಪನಿಯ ಪಾಲು, ತಿಂಗಳಿಗೆ 1,800. ಇನ್ನೊಂದು ಗ್ರಾಚ್ಯುಟಿ, ಬೇಸಿಕ್‌ನ 4.81 ಪರ್ಸೆಂಟ್. "ಕೈಗೆ ಕೊಡದ ದುಡ್ಡನ್ನೂ ಪ್ಯಾಕೇಜ್‌ನಲ್ಲಿ ತೋರಿಸ್ತಾರೆ ನೋಡು" ಅಂತ ಬೈಯೋದು. ನಾವಿಬ್ಬರೂ ಹಾಗೆ ಬೈದವರೇ. 2025ರ ದೀಪಾವಳಿ ರಜೆಗೆ ಸಿದ್ದಾಪುರಕ್ಕೆ ಹೋಗಿ ಬಂದ ಮೇಲೆ ಬೈಯೋದು ಕಡಿಮೆಯಾಗಿದೆ. ಯಾಕೆ ಅಂತ ಹೇಳ್ತೇವೆ.

ನಾವು ಅಂದ್ರೆ ಇಬ್ಬರು. ಒಬ್ಬ ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್, ಒಂದೇ ರೂಮು. ನಮ್ಮ ಅಪ್ಪಂದಿರು ಸಿದ್ದಾಪುರದಲ್ಲಿ ಒಂದು ಅಂಗಡಿಯ ಪಾಲುದಾರರು. ಪಂಪ್‌ಸೆಟ್, ಪೈಪು, ಸ್ಪ್ರಿಂಕ್ಲರ್, ಕೊಳೆಗೆ ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಮಷೀನು, ಇವುಗಳ ಮಾರಾಟ ಮತ್ತು ರಿಪೇರಿ. 1998ರಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ಅರ್ಧ-ಅರ್ಧ ಅಂತ ಬರೆದುಕೊಂಡು ಶುರು ಮಾಡಿದ್ದು. ಚಿಕ್ಕವರಿದ್ದಾಗಿಂದ ನಾವು ಇಬ್ಬರನ್ನೂ ಅಪ್ಪ ಅಂತಲೇ ಕರೆಯೋದು, ಗೊಂದಲ ಆಗಬಾರದು ಅಂತ ಒಬ್ಬರು ಕೌಂಟರ್ ಅಪ್ಪ, ಇನ್ನೊಬ್ಬರು ಗೋಡೌನ್ ಅಪ್ಪ. ಕೌಂಟರ್ ಅಪ್ಪ ಬಿಲ್ಲು, ಬ್ಯಾಂಕು, ಉದ್ರಿ ವಸೂಲಿ ನೋಡ್ತಾರೆ. ಗೋಡೌನ್ ಅಪ್ಪ ಮಾಲು ಇಳಿಸೋದು, ತೋಟಕ್ಕೆ ಹೋಗಿ ಪೈಪ್ ಲೈನ್ ಹಾಕಿಸೋದು.

ಅಂಗಡಿ ಪೂಜೆಯ ದಿನ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಆದ ಮೇಲೆ ಗೋಡೌನ್ ಅಪ್ಪ ಸ್ಟೂಲಿನ ಮೇಲೆ ಕೂತು, ಏಳಲಿಕ್ಕೆ ಆಗದೆ ಗೋಡೆ ಹಿಡಿದುಕೊಂಡರು. ಬೆನ್ನು ನೋವು ಎರಡು ವರ್ಷದಿಂದ ಇತ್ತು. ಡಾಕ್ಟರು ಭಾರ ಎತ್ತಬೇಡಿ ಅಂದಿದ್ದರಂತೆ, ಮನೆಯಲ್ಲಿ ಹೇಳಿರಲಿಲ್ಲ. "ನಂಗೆ ಈಗ 55. 60ಕ್ಕೆ ನಾನು ಅಂಗಡಿ ಬಿಡೋನೇ. ಬಿಟ್ಟ ಮೇಲೆ ನಂಗೆಂತ ಬರ್ತದೆ, ನಿಮಗೆಂತ ಉಳೀತದೆ, ಈಗ್ಲೇ ಲೆಕ್ಕ ಹಾಕುವಾ" ಅಂದರು. ಕೌಂಟರ್ ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ಇಂಜಿನಿಯರ್ ಆಗ್ಲಿಕ್ಕೆ ಹೋದವ್ರು ಇದ್ದೀರಲ್ಲ, ಎಕ್ಸೆಲ್‌ನಲ್ಲಿ ಹಾಕಿ" ಅಂದರು.

ಎಕ್ಸೆಲ್ ತೆರೆಯೋ ಮೊದಲು ಒಂದು ವಿಷಯ ಗೊತ್ತಾಯ್ತು. ನಮ್ಮ ಅಪ್ಪಂದಿರಿಗೆ ನೌಕರರಿಗೆ ಇರೋ ಥರದ ನಿವೃತ್ತಿ ಕಾನೂನಿನ ಪ್ರಕಾರ ಇಲ್ಲ. ಪಾಲುದಾರ ನೌಕರ ಅಲ್ಲ. 1932ರ ಪಾಲುದಾರಿಕೆ ಕಾಯ್ದೆ ಓದಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರನಿಗೆ ಮಾಡಿದ ಕೆಲಸಕ್ಕೆ ಸಂಬಳ ಕೇಳುವ ಹಕ್ಕೂ ಇಲ್ಲ. ಪತ್ರದಲ್ಲಿ ಬರೆದುಕೊಂಡು "ಸಂಬಳ" ಅಂತ ತೆಗೆದುಕೊಂಡರೂ ಆದಾಯ ತೆರಿಗೆಯವರು ಅದನ್ನು ವ್ಯಾಪಾರದ ಆದಾಯ ಅಂತಲೇ ಹಿಡೀತಾರೆ. ಎಂಬತ್ತರ ದಶಕದಲ್ಲಿ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಅನ್ನೋ ಬೆಂಕಿಪೊಟ್ಟಣದ ಸಂಸ್ಥೆಯ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿ ಕೆಲಸ ಮಾಡುವ ಪಾಲುದಾರರನ್ನೂ ಸೇರಿಸಿ ಎಣಿಸಿದರೆ ಮಾತ್ರ ಇ.ಎಸ್.ಐ. ಅನ್ವಯಿಸುವಷ್ಟು ಜನ ಆಗ್ತಿದ್ದರು. ಪಾಲುದಾರ ಸಂಬಳ ತಗೊಂಡರೂ ನೌಕರನಲ್ಲ ಅಂತ ಕೋರ್ಟು ಹೇಳಿತು. ತನಗೆ ತಾನೇ ಯಜಮಾನ, ತನಗೆ ತಾನೇ ಆಳು ಆಗಲಿಕ್ಕೆ ಬರೋದಿಲ್ಲ ಅನ್ನೋದು ಅದರ ಹಿಂದಿನ ತರ್ಕ.

ಹಾಗಾಗಿ ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ. ಬಿಟ್ಟು ಹೋಗುವಾಗ ಸಿಗೋದು ತನ್ನ ಬಂಡವಾಳದ ಖಾತೆಯಲ್ಲಿ ಎಷ್ಟಿದೆಯೋ ಅಷ್ಟು. ಉಳಿದವನು ಅದನ್ನು ಕೊಡದೆ ವ್ಯಾಪಾರ ಮುಂದುವರಿಸಿದರೆ ಲಾಭದಲ್ಲಿ ತಕ್ಕ ಪಾಲು, ಇಲ್ಲವೇ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ, ಎರಡರಲ್ಲೊಂದನ್ನು ಕೇಳಬಹುದು ಅಂತ ಅದೇ ಕಾಯ್ದೆಯ 37ನೇ ಸೆಕ್ಷನ್. ಕೇಳೋದೇನೋ ಕೇಳಬಹುದು. ದುಡ್ಡು ಇರೋದು ಎಲ್ಲಿ? ನಮ್ಮ ಅಂಗಡಿಯ ಬಂಡವಾಳ ಅಂದ್ರೆ ಗೋಡೌನಿನಲ್ಲಿರೋ ಪೈಪು, ಮತ್ತೆ ತೋಟದವರ ಉದ್ರಿ. ಚಾಲಿಯೋ ರಾಶಿಯೋ ಮಾರಿದ ಮೇಲೆ ಕೊಡ್ತೇವೆ ಅಂತ ಮೇ ತಿಂಗಳಲ್ಲಿ ತಗೊಂಡು ಹೋದ ಪಂಪಿನ ದುಡ್ಡು ಮುಂದಿನ ಫೆಬ್ರವರಿಗೆ ಬರ್ತದೆ, ಬಂದರೆ. ಗೋಡೌನ್ ಅಪ್ಪನ ಪಾಲನ್ನು ಒಮ್ಮೆಗೇ ಕೊಡಬೇಕಂದ್ರೆ ಅಂಗಡಿಯನ್ನೇ ಮಾರಬೇಕು.

ಅದಕ್ಕೇ ನಾವು ಒಂದು ದಾರಿ ಹುಡುಕಿದೆವು. ಈಗಿಂದಲೇ ಇಬ್ಬರೂ ಅಪ್ಪಂದಿರು ಅಂಗಡಿಯ ಲಾಭದಿಂದ ತಿಂಗಳಿಗೆ ತಲಾ 10,000 ಎತ್ತಿಟ್ಟು ಎನ್.ಪಿ.ಎಸ್.ಗೆ ಹಾಕೋದು. 2009ರಿಂದ ಅದು ಸರ್ಕಾರಿ ನೌಕರರಲ್ಲದ ಸಾಮಾನ್ಯ ಜನರಿಗೂ ಇದೆ, ಸ್ವಂತ ವ್ಯಾಪಾರ ಮಾಡೋರೂ ಸೇರಬಹುದು. ಕೊನೆಯಲ್ಲಿ ಒಂದಷ್ಟು ಭಾಗದಿಂದ ಕಡ್ಡಾಯವಾಗಿ ಪಿಂಚಣಿ ಕೊಳ್ಳಬೇಕು, ಉಳಿದದ್ದು ಕೈಗೆ. ವರ್ಷಕ್ಕೆ 8 ಪರ್ಸೆಂಟ್ ಅಂದಾಜಿಟ್ಟರೆ ಐದು ವರ್ಷಕ್ಕೆ ಗೋಡೌನ್ ಅಪ್ಪನ ಖಾತೆಯಲ್ಲಿ ಸುಮಾರು 7.35 ಲಕ್ಷ. ಅಷ್ಟರ ಮಟ್ಟಿಗೆ ಅಂಗಡಿಯ ಮೇಲಿನ ಹೊರೆ ಕಮ್ಮಿ. ಶೀಟು ಚೆಂದ ಬಂತು, ಬಣ್ಣ ಹಾಕಿ ಗ್ರಾಫೂ ಮಾಡಿದೆವು. ಆ ರಾತ್ರಿ ನಮ್ಮಲ್ಲೊಬ್ಬನ ಸೋದರಮಾವ ಅಮೆರಿಕದಿಂದ ಹಬ್ಬಕ್ಕೆ ವಿಡಿಯೋ ಕಾಲ್ ಮಾಡಿದಾಗ ಹೆಮ್ಮೆಯಿಂದ ಅದನ್ನೂ ತೋರಿಸಿದೆವು.

ಮಾವ ಅಲ್ಲಿ ಇನ್ನಿಬ್ಬರ ಜೊತೆ ಸೇರಿ ಹಲ್ಲಿನ ಕ್ಲಿನಿಕ್ ನಡೆಸ್ತಾರೆ. ಅದೂ ಪಾಲುದಾರಿಕೆಯೇ. ಶೀಟು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಂಗಡೀಲಿ ಇನ್ನೂ ಐದು ಜನ ಇದ್ದಾರಲ್ಲೋ, ಅವರ ಸಾಲು ಎಲ್ಲಿ?"

ಇರಲಿಲ್ಲ. ಹಾಕಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ.

ಮಾವ ನಕ್ಕರು. "ಇಲ್ಲಿ ಹೀಗೆ ಮಾಡಿದ್ರೆ ಟಾಪ್ ಹೆವಿ ಅಂತ ಹಿಡೀತಾರೆ" ಅಂದರು. ಪಕ್ಕದಲ್ಲಿ ಕೂತಿದ್ದ ಗೋಡೌನ್ ಅಪ್ಪ "ಹಂಗಂದ್ರೆ?" ಅಂದಾಗ ನಮ್ಮಲ್ಲೊಬ್ಬ "ಮಂಡೆ ಭಾರ" ಅಂದ. ನಮ್ಮ ಕಡೆ ಮಂಡೆ ಬಿಸಿ ಎಲ್ಲರಿಗೂ ಗೊತ್ತು, ಮಂಡೆ ಭಾರ ಇದೇ ಮೊದಲು. ಗೋಡೌನ್ ಅಪ್ಪನಿಗೆ ಯಕ್ಷಗಾನದ ಹುಚ್ಚು. "ಓ, ಕಿರೀಟ ಕಟ್ಟಿದ ವೇಷದ ಹಂಗೆ. ಭಾರ ಮೇಲೆ, ಕುಣಿಯೋದು ಮಾತ್ರ ಕಾಲು" ಅಂದರು. ನಮಗೆ ಆಮೇಲೆ ಇಡೀ ವಿಷಯ ಅದೇ ಹೆಸರಿನಲ್ಲಿ ನಡೀತು.

ಮಾವ ಹೇಳಿದ್ದನ್ನು ನಾವು ಮರುದಿನ ಓದಿಯೂ ನೋಡಿದೆವು. ಅಮೆರಿಕದ ತೆರಿಗೆ ಸಂಹಿತೆಯ 416ನೇ ಸೆಕ್ಷನ್. 1982ರ ಒಂದು ತೆರಿಗೆ ಕಾಯ್ದೆಯಲ್ಲಿ ಬಂದು 1984ರಿಂದ ಜಾರಿಯಾದದ್ದು. ಸಣ್ಣ ಸಂಸ್ಥೆಗಳಲ್ಲಿ, ಅದರಲ್ಲೂ ಡಾಕ್ಟರು, ವಕೀಲರ ಕಚೇರಿಗಳಲ್ಲಿ, ಮಾಲೀಕರು ನಿವೃತ್ತಿ ಯೋಜನೆ ಅಂತ ಹೆಸರಿಟ್ಟು ತೆರಿಗೆ ವಿನಾಯಿತಿ ಪಡೆದು ತಮ್ಮ ಖಾತೆ ಮಾತ್ರ ತುಂಬಿಸಿಕೊಳ್ಳಬಾರದು ಅನ್ನೋದು ಉದ್ದೇಶ. ಲೆಕ್ಕ ಹೀಗೆ. ಸಂಸ್ಥೆಯ ಯೋಜನೆಯಲ್ಲಿರೋ ಎಲ್ಲರ ಖಾತೆಯ ಮೊತ್ತ ಕೂಡಿಸಬೇಕು. ಅದರಲ್ಲಿ "ಕೀ" ಜನರ ಪಾಲು 60 ಪರ್ಸೆಂಟ್ ದಾಟಿತೋ, ಆ ಯೋಜನೆ ಮಂಡೆ ಭಾರ. ನೋಡೋದು ಹಿಂದಿನ ವರ್ಷದ ಕೊನೆಯ ದಿನದ ಲೆಕ್ಕ. ದಾಟಿದರೆ ಯೋಜನೆ ರದ್ದಾಗೋದಿಲ್ಲ, ಆದರೆ ವರ್ಷದ ಕೊನೆಗೆ ಕೆಲಸದಲ್ಲಿರುವ ಉಳಿದ ನೌಕರರಿಗೆಲ್ಲ ಅವರ ವರ್ಷದ ಸಂಬಳದ ಕನಿಷ್ಠ 3 ಪರ್ಸೆಂಟನ್ನು ಸಂಸ್ಥೆ ತನ್ನ ಕೈಯಿಂದ ಹಾಕಬೇಕು. ನೌಕರ ತಾನೇ ಸಂಬಳದಿಂದ ಹಿಡಿಸಿಕೊಂಡದ್ದು ಈ 3ಕ್ಕೆ ಜಮಾ ಆಗೋದಿಲ್ಲ.

ಕೀ ಅಂದ್ರೆ ಯಾರು? ಸಂಸ್ಥೆಯಲ್ಲಿ 5 ಪರ್ಸೆಂಟಿಗಿಂತ ಹೆಚ್ಚು ಪಾಲಿರುವ ಯಾರೇ ಆಗಲಿ, ಅವರ ಆದಾಯ ಎಷ್ಟೇ ಇರಲಿ. 1 ಪರ್ಸೆಂಟಿಗಿಂತ ಹೆಚ್ಚು ಪಾಲಿದ್ದು 1,50,000 ಡಾಲರ್ ದಾಟಿ ದುಡಿಯೋರು. ದೊಡ್ಡ ಸಂಬಳದ ಅಧಿಕಾರಿಗಳು, 2025ಕ್ಕೆ ಆ ಗೆರೆ 2,30,000 ಡಾಲರ್. ಪಾಲುದಾರನಿಗೆ ಸಂಬಳ ಎಲ್ಲಿರ್ತದೆ ಅಂತ ನಾವು ಕೇಳಿದ್ದಕ್ಕೆ ಮಾವ, "ಇಲ್ಲಿ ಪಾಲುದಾರ ದುಡಿದು ಗಳಿಸಿದ ಆದಾಯವನ್ನೇ ಸಂಬಳ ಅಂತ ಹಿಡೀತಾರೆ" ಅಂದರು. ಹಾಗಾಗಿ ಆ ದೇಶದಲ್ಲಿ ಪಾಲುದಾರನೂ ತನ್ನ ಸಂಸ್ಥೆಯ ನಿವೃತ್ತಿ ಯೋಜನೆಯೊಳಗೆ ಕೂರಬಹುದು. ಇಲ್ಲಿ ನಮ್ಮ ಅಪ್ಪಂದಿರು ಪಿ.ಎಫ್. ಒಳಗೆ ಕೂರಲಿಕ್ಕೆ ಬರೋದಿಲ್ಲ. ಕೂರಿಸಿದ ಮೇಲೆ ಭಾರ ತೂಗುತ್ತಾರೆ, ಅದು ಅವರ ಕ್ರಮ.

ಮಾವನಿಗೇ ಒಂದು ವರ್ಷ ಹೀಗೆ ಆಗಿತ್ತಂತೆ. ಮೂವರೂ ಕ್ಲಿನಿಕ್ ಕಡೆಯಿಂದ ಬೇರೆ ಏನೂ ಹಾಕದೆ, ತಮ್ಮ ಗಳಿಕೆಯಿಂದಲೇ ಹಿಡಿಸಿಕೊಂಡು ಖಾತೆ ತುಂಬಿಸಿದ್ದರು. ರಿಸೆಪ್ಶನಿಸ್ಟು, ಅಸಿಸ್ಟೆಂಟುಗಳು ಸಣ್ಣ ಸಂಬಳದವರು, ಉಳಿಸಿದ್ದು ಅಲ್ಪ ಸ್ವಲ್ಪ. ವರ್ಷದ ಕೊನೆಗೆ ತೂಕ 60 ದಾಟಿತ್ತು. ಎಲ್ಲರಿಗೂ 3 ಪರ್ಸೆಂಟ್ ಚೆಕ್ ಬರೆಯಬೇಕಾಯ್ತು. "ನನ್ನ ದುಡ್ಡು ನಾನು ಉಳಿಸಿದ್ದಕ್ಕೆ ದಂಡವೇ ಅಂತ ಆಗ ಭಯಂಕರ ಸಿಟ್ಟು ಬಂದಿತ್ತು" ಅಂದರು. ಕೀ ಜನ ತಮ್ಮ ಗಳಿಕೆಯಿಂದ ಹಿಡಿಸಿಕೊಂಡದ್ದೂ ಈ ಲೆಕ್ಕದಲ್ಲಿ ಅವರಿಗೆ ಸಿಕ್ಕ ವಂತಿಗೆಯೇ. ಆ ವರ್ಷ ಕೀ ಜನ ಯಾರೂ 3 ಪರ್ಸೆಂಟ್ ಮುಟ್ಟದಿದ್ದರೆ, ಅವರಲ್ಲಿ ಅತಿ ಹೆಚ್ಚು ಹಾಕಿಕೊಂಡವನ ಪರ್ಸೆಂಟೇ ಉಳಿದವರಿಗೂ ಸಾಕು. ಅವರು ಸೊನ್ನೆ ಹಾಕಿಕೊಂಡರೆ ಉಳಿದವರಿಗೂ ಸೊನ್ನೆ. ತಪ್ಪಿಸಿಕೊಳ್ಳಲು ಬೇರೆ ದಾರಿಗಳೂ ಇವೆ, ಮೊದಲೇ ಎಲ್ಲರಿಗೂ ಒಂದು ನಿಗದಿತ ವಂತಿಗೆ ಕೊಡುವ ಮಾದರಿ ಆರಿಸಿಕೊಂಡರೆ ಈ ಪರೀಕ್ಷೆಯೇ ಇಲ್ಲ. ಮಾವನ ಕ್ಲಿನಿಕ್ ಈಗ ಅದನ್ನೇ ಮಾಡ್ತದೆ.

ನಮಗೆ ತಮಾಷೆ ಅನ್ನಿಸಿದ್ದು ಇನ್ನೊಂದು ನಿಯಮ. 5 ಪರ್ಸೆಂಟ್ ಪಾಲಿರುವವರ ಗಂಡ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ತಂದೆ ತಾಯಿ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದರೆ ಅವರಿಗೂ ಆ ಪಾಲು ಇದೆ ಅಂತಲೇ ಲೆಕ್ಕ. ಅಂದ್ರೆ ನಾವು ನಾಳೆ ಅಂಗಡಿಗೆ ಸೇರಿ 8,000 ಸಂಬಳಕ್ಕೆ ಪೈಪ್ ಹೊತ್ತರೂ ಕೀ ಜನವೇ. ತಮಾಷೆ ಅನ್ನಿಸಿದ್ದು ಸ್ವಲ್ಪ ಹೊತ್ತು ಮಾತ್ರ, ಖಾತೆ ಪುಸ್ತಕ ನೋಡುವ ತನಕ.

ಐದು ಜನರ ಸಾಲು ಸೇರಿಸಬೇಕು ಅಂತ ಲೆಜರ್ ತೆಗೆದೆವು. ಹಿರಿಯರು ಪಂಪ್ ಮೆಕ್ಯಾನಿಕ್. ಊರಿಗೆಲ್ಲ ಪಂಪಣ್ಣ ಅಂತಲೇ ಗೊತ್ತು. (ಅವರು ಬನವಾಸಿ ಕಡೆಯವರು ಅನ್ನೋದು ಬಿಟ್ಟರೆ ಆದಿಕವಿಗೂ ಅವರಿಗೂ ಸಂಬಂಧ ಇಲ್ಲ, ಆದರೆ ಈ ಜೋಕು ಅಂಗಡಿಯಲ್ಲಿ ವಾರಕ್ಕೊಮ್ಮೆ ಆಗ್ತದೆ.) ಅಂಗಡಿ ಶುರುವಾದ ವರ್ಷವೇ ಸೇರಿದ್ದು, ಆಗ 25, ಈಗ 52. ಸಂಬಳ 22,000. ಲೆಕ್ಕ ಬರೆಯುವ ಅಕ್ಕ 16,000, ಫಿಟ್ಟರ್ 15,000, ಕೌಂಟರ್‌ನ ಹುಡುಗ 14,000, ಹೆಲ್ಪರ್ 11,000. ಒಟ್ಟು ತಿಂಗಳಿಗೆ 78,000.

ಲೆಜರ್‌ನಲ್ಲಿ ಪಂಪಣ್ಣನ ಪುಟದಲ್ಲಿ ಪ್ರತಿ ಜೂನ್‌ನಲ್ಲೂ ಒಂದು ಅಡ್ವಾನ್ಸ್ ಇದೆ. ಮಗಳ ಡಿಪ್ಲೊಮಾ ಫೀಸು. ಅದನ್ನು ಡಿಸೆಂಬರ್ ತನಕ ಕಂತಿನಲ್ಲಿ ಕಳೆದಿದ್ದಾರೆ, ಒಂದು ರೂಪಾಯಿ ಬಿಡದೆ. ಮುಂದಿನ ಪುಟಗಳಲ್ಲಿ ಅಪ್ಪಂದಿರ ಡ್ರಾಯಿಂಗ್ಸ್. ಅಲ್ಲೂ ಅದೇ ತಿಂಗಳಿನ ಸಾಲುಗಳು, ನಮ್ಮ ಕಾಲೇಜು ಫೀಸು, ಹಾಸ್ಟೆಲ್ ಫೀಸು. ಅದನ್ನು ಯಾರೂ ಯಾವತ್ತೂ ಕಂತಿನಲ್ಲಿ ತೀರಿಸಿಲ್ಲ. ಪಾಲುದಾರನ ದುಡ್ಡು ಅವನದೇ, ಅದರಲ್ಲಿ ತಪ್ಪೇನೂ ಇಲ್ಲ. ಮಳೆಗಾಲಕ್ಕೆ ಮೊದಲು ಔಷಧಿ ಪಂಪುಗಳೆಲ್ಲ ರಿಪೇರಿಗೆ ಬಂದು ಬೀಳ್ತವಲ್ಲ, ಮೇ ಕೊನೆ ಜೂನ್ ಮೊದಲ ವಾರ, ಆ ದಿನಗಳಲ್ಲಿ ಪಂಪಣ್ಣ ರಾತ್ರಿ ಹತ್ತರ ತನಕ ವಾಷರ್ ಬದಲಿಸ್ತಾ ಕೂರ್ತಾರೆ. ಸಕಾಲಕ್ಕೆ ಬೋರ್ಡೋ ಹೊಡೆಯದಿದ್ದರೆ ಕೊಳೆ ಬಂದು ಮಿಳ್ಳೆ ಉದುರ್ತದೆ, ಯಾವ ತೋಟದವರೂ ಕಾಯೋದಿಲ್ಲ. ನಮ್ಮ ಫೀಸು ಆ ವಾರದ ಗಲ್ಲಾದಿಂದಲೇ ಬರೋದು. ಎರಡು ಪುಟಗಳನ್ನೂ ಒಟ್ಟಿಗೆ ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಶೀಟು ಮುಟ್ಟಲಿಲ್ಲ.

ಇವರಿಗೆಲ್ಲ ಕಾನೂನಿನಲ್ಲಿ ಏನಿದೆ? ನಮ್ಮ ದೇಶದ ಕಾನೂನು ಭಾರ ತೂಗೋದಿಲ್ಲ, ತಲೆ ಎಣಿಸ್ತದೆ. 1952ರಿಂದ ಇರುವ ಪಿ.ಎಫ್. 20 ಜನ ಇರುವಲ್ಲಿ. 1972ರಿಂದ ಇರುವ ಗ್ರಾಚ್ಯುಟಿ 10 ಜನ ಇರುವಲ್ಲಿ. ದೀಪಾವಳಿ ಮುಗಿದು ನಾವು ಹಾಸ್ಟೆಲ್‌ಗೆ ಬಂದ ಮೇಲೆ, ನವೆಂಬರ್‌ನಲ್ಲಿ, ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. 20 ಮತ್ತು 10 ಅಲ್ಲೂ ಹಾಗೇ ಇವೆ. ನಮ್ಮ ಅಂಗಡಿಯಲ್ಲಿ ಐದು. ಸಿದ್ದಾಪುರ, ಶಿರಸಿ, ಯಲ್ಲಾಪುರದ ಪೇಟೆಯಲ್ಲಿ ಹಾಗೇ ನಡೆದುಕೊಂಡು ಹೋಗಿ ನೋಡಿ, ಹತ್ತು ಜನ ಕೆಲಸಕ್ಕಿರೋ ಅಂಗಡಿ ಎಷ್ಟಿವೆ? ಅದಕ್ಕೇ ನಮ್ಮೂರಲ್ಲಿ "ಸೊಸೈಟಿ ಕೆಲಸ" ಅಂದ್ರೆ ಇವತ್ತಿಗೂ ಅಷ್ಟು ಬೆಲೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ಸೇಲ್ ಸೊಸೈಟಿ ಕಟ್ಟಿದ್ದು ಒಬ್ಬೊಬ್ಬರಾಗಿ ಅಡಿಕೆ ಮಾರಿದರೆ ದರ ಸಿಗೋದಿಲ್ಲ ಅಂತ. ಒಬ್ಬನ ಕೈಯಲ್ಲಿ ಆಗದ್ದನ್ನು ಸೇರಿ ಮಾಡೋದು ಈ ಸೀಮೆಗೆ ಹೊಸದಲ್ಲ. ಆದರೆ ಅಡಿಕೆ ಬೆಳೆದವರು ಸೇರಿದರು, ಅಡಿಕೆ ಅಂಗಡಿಗಳಲ್ಲಿ, ಪಂಪಿನ ಅಂಗಡಿಗಳಲ್ಲಿ ದುಡಿಯೋರು ಸೇರಲಿಕ್ಕೆ ಅಂಥದ್ದೊಂದು ಇಲ್ಲ.

ಅಂಥವರಿಗೆ ಅಂತಲೇ ಸರ್ಕಾರದ ಯೋಜನೆಗಳಿವೆ. ಅಟಲ್ ಪೆನ್ಷನ್ 2015ರಿಂದ. ಶ್ರಮಯೋಗಿ ಮಾನ್‌ಧನ್ 2019ರಿಂದ, ತಿಂಗಳಿಗೆ 15,000 ತನಕ ದುಡಿಯೋರಿಗೆ, 60ರ ನಂತರ 3,000 ಪಿಂಚಣಿ, ನಾವು ಕಟ್ಟಿದಷ್ಟೇ ಕೇಂದ್ರವೂ ಕಟ್ತದೆ. ಅದೇ ವರ್ಷ ಸಣ್ಣ ವ್ಯಾಪಾರಿಗಳಿಗೂ ಅದೇ ಥರದ್ದೊಂದು. ಒಳ್ಳೆಯದೇ. ಆದರೆ ಎಲ್ಲದಕ್ಕೂ ಸೇರುವ ವಯಸ್ಸು 18ರಿಂದ 40. ಪಂಪಣ್ಣ 40 ದಾಟಿದ್ದು ಈ ಯೋಜನೆಗಳು ಹುಟ್ಟುವ ಮೊದಲು.

ಸರಿ, ಮಂಡೆ ಭಾರದ ನಿಯಮವನ್ನೇ ನಮ್ಮ ಅಂಗಡಿಗೆ ಹಾಕಿ ನೋಡಿದೆವು. ಕಾನೂನು ಬೇಡ, ಸುಮ್ಮನೆ ಅಳತೆಗೋಲು. ಅಪ್ಪಂದಿರ ವಂತಿಗೆ ವರ್ಷಕ್ಕೆ 2,40,000. ಐವರಿಗೆ ಸೊನ್ನೆ. ಅಂದ್ರೆ 100 ಪರ್ಸೆಂಟ್ ಭಾರ ಮೇಲೆ. ಐವರಿಗೂ 3 ಪರ್ಸೆಂಟ್ ಕೊಟ್ಟರೆ ತಿಂಗಳಿಗೆ 2,340, ವರ್ಷಕ್ಕೆ 28,080. ಆಗ ಅಪ್ಪಂದಿರ ಪಾಲು 89.5ಕ್ಕೆ ಇಳೀತದೆ. ಅಂದ್ರೆ ನಿಯಮ ಪಾಲಿಸಿದ ಮೇಲೂ ಮಂಡೆ ಭಾರವೇ! ನಾವು ತಪ್ಪು ಮಾಡಿದೆವಾ ಅಂತ ಎರಡು ಸಲ ನೋಡಿದೆವು. ತಪ್ಪಲ್ಲ. ನಿಯಮ ಭಾರ ಇಳಿಸು ಅನ್ನೋದಿಲ್ಲ, ಭಾರ ಇದ್ದರೆ ಕೆಳಗಿನವರಿಗೆ ಇಷ್ಟಾದರೂ ಕೊಡು ಅಂತದೆ. ನಿಜವಾಗಿ 60ಕ್ಕೆ ಇಳಿಸಬೇಕಂದ್ರೆ ಐವರಿಗೆ ವರ್ಷಕ್ಕೆ 1,60,000 ಹಾಕಬೇಕು, ಅವರ ಸಂಬಳದ 17 ಪರ್ಸೆಂಟ್. ನಮ್ಮ ದೇಶದ ಪಿ.ಎಫ್. ದರ, 12 ಪರ್ಸೆಂಟ್, ಹಾಕಿದರೂ 68ರಲ್ಲೇ ನಿಲ್ತದೆ. ಆದರೂ ಅಮೆರಿಕದ 3ಕ್ಕಿಂತ ನಮ್ಮ 12 ಎಷ್ಟು ದೊಡ್ಡದು ನೋಡಿ. 20 ಜನರ ಬಾಗಿಲು ದಾಟಿ ಒಳಗೆ ಹೋದವನಿಗೆ ನಮ್ಮಲ್ಲಿ ಚೆನ್ನಾಗೇ ಸಿಗ್ತದೆ. ಹೊರಗೆ ನಿಂತವನಿಗೆ ಏನೂ ಇಲ್ಲ. ಅಲ್ಲಿ ತಲೆ ಎಣಿಸೋದಿಲ್ಲ, ಆದರೆ ಮಾಲೀಕ ಯೋಜನೆಯನ್ನೇ ಶುರು ಮಾಡದಿದ್ದರೆ ಈ ನಿಯಮ ಅವನ ಹತ್ತಿರ ಬರೋದೇ ಇಲ್ಲ. ನಮ್ಮ ಅಂಗಡಿ 27 ವರ್ಷ ಇದ್ದದ್ದೂ ಹಾಗೇ, ಯಾರೂ ಏನೂ ಶುರು ಮಾಡದೆ.

ಪಂಪಣ್ಣನಿಗೆ 3 ಪರ್ಸೆಂಟ್ ಅಂದ್ರೆ ತಿಂಗಳಿಗೆ 660. ಎಂಟು ವರ್ಷ, ಅದೇ 8 ಪರ್ಸೆಂಟ್ ಅಂದಾಜಿನಲ್ಲಿ, 88,000 ಆಗ್ತದೆ. ಹಿಂದಿನ 27 ವರ್ಷ ಈ ಲೆಕ್ಕದಲ್ಲಿ ಎಲ್ಲೂ ಬರೋದಿಲ್ಲ. ಆಗ ನೆನಪಾದದ್ದು ಆಫರ್ ಲೆಟರ್‌ನ 4.81. ಅದು ಎಲ್ಲಿಂದ ಬಂತು ಗೊತ್ತಾ? ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. 15ನ್ನು 26ರಿಂದ, ಮತ್ತೆ 12ರಿಂದ ಭಾಗಿಸಿ, 4.81 ಬರ್ತದೆ. ನಾವು ಬೈಯುತ್ತಿದ್ದ ಆ ಸಾಲು ಪಂಪಣ್ಣನಿಗೆ ಇದ್ದಿದ್ದರೆ ಇವತ್ತಿಗೆ 22,000ದ ಮೇಲೆ 27 ವರ್ಷಕ್ಕೆ 3,42,692 ರೂಪಾಯಿ.

ಈ ಸಂಖ್ಯೆ ತೋರಿಸಿದಾಗ ಕೌಂಟರ್ ಅಪ್ಪನಿಗೆ ಸಿಟ್ಟು ಬಂತು. "ನಾವೆಂತ ಅವನಿಗೆ ಮೋಸ ಮಾಡಿದ್ದೇವಾ? ಅವನ ಹೆಂಡ್ತಿ ಆಪರೇಶನ್‌ಗೆ ಯಾರು ಕೊಟ್ಟಿದ್ದು? ಕೊರೋನಾದಲ್ಲಿ ಅಂಗಡಿ ಬಾಗಿಲು ಹಾಕಿದಾಗ ಪೂರ್ತಿ ಸಂಬಳ ಯಾರು ಕೊಟ್ಟಿದ್ದು?" ಅಂದರು. ಅದೂ ನಿಜ. ಲೆಜರ್‌ನಲ್ಲೇ ಇದೆ. "ಕೊಟ್ಟಿದ್ದೀರಿ, ಆದ್ರೆ ಅದು ನೀವು ಕೊಟ್ಟದ್ದು. ಇದು ಅವರಿಗೆ ಬರಬೇಕಾದ್ದು" ಅಂತ ನಮ್ಮಲ್ಲೊಬ್ಬ ಹೇಳಿಬಿಟ್ಟ. ಸಂಜೆ ತನಕ ಯಾರೂ ಮಾತಾಡಲಿಲ್ಲ. ಊಟಕ್ಕೂ ಕರೆಯಲಿಲ್ಲ ಅನ್ನಿ.

ನಾವು ಹಿಂದಿನ ಶೆಡ್ಡಿಗೆ ಹೋದೆವು. ಪಂಪಣ್ಣ ಮೋಟರ್ ಬಿಚ್ಚಿ ಕೂತಿದ್ದರು. ವಯಸ್ಸಾದ ಮೇಲೆ ಎಂತ ಮಾಡ್ತೀರಿ ಅಂತ ಕೇಳಿದೆವು, ಕೇಳಬಾರದ ರೀತಿಯಲ್ಲೇ ಕೇಳಿದೆವೋ ಏನೋ. "ಒಂದು ಎಲ್.ಐ.ಸಿ. ಇದೆ ತಮಾ. ಎರಡು ದನ ಇದ್ದಾವೆ. 65 ಆದ್ರೆ ಸಂಧ್ಯಾ ಸುರಕ್ಷಾ ಬರ್ತದಲ್ಲ, 1,200" ಅಂದರು. ಬೇರಿಂಗ್ ಒರೆಸುತ್ತಾ ಇನ್ನೊಂದು ಕೇಳಿದರು. "ಗೋಡೌನ್ ಯಜಮಾನ್ರು ಬಿಡ್ತಾರಂತೆ ಹೌದಾ? ಅವರು ಬಿಟ್ರೆ ನಾನೂ ಬಿಡ್ಬೇಕಾಗ್ತದಾ?"

ಅದು ನಮ್ಮ ಶೀಟಿನಲ್ಲಿ ಇಲ್ಲದ ಪ್ರಶ್ನೆ. ಅಪ್ಪ ಹೋದರೆ ಎಷ್ಟು ತಗೊಂಡು ಹೋಗ್ತಾರೆ ಅಂತ ನಾವು ಮೂರು ದಿನದಿಂದ ಲೆಕ್ಕ ಹಾಕ್ತಿದ್ದೆವು. ಅಪ್ಪ ಹೋದರೆ ಅಂಗಡಿಯೇ ಇರ್ತದಾ ಅಂತ ಇವರು ಮೂರು ದಿನದಿಂದ ನಿದ್ದೆ ಇಲ್ಲದೆ ಕೂತಿದ್ದರು. "ಇಲ್ಲ, ಹಂಗೇನಿಲ್ಲ" ಅಂದೆವು. ಹೇಳುವ ಅಧಿಕಾರ ನಮಗೆ ಇರಲಿಲ್ಲ.

ಒಳಗೆ ಬಂದು ಇದನ್ನು ಹೇಳಿದಾಗ ಗೋಡೌನ್ ಅಪ್ಪ ಎದ್ದು ಹೋಗಿ ಪಂಪಣ್ಣನ ಹತ್ತಿರ ಕೂತರು. ಏನು ಮಾತಾಡಿದರು ಗೊತ್ತಿಲ್ಲ. ರಾತ್ರಿ ಇಬ್ಬರು ಅಪ್ಪಂದಿರೂ ಲೆಜರ್ ಮುಂದಿಟ್ಟುಕೊಂಡು ಹನ್ನೊಂದರ ತನಕ ಕೂತರು. ನಮ್ಮನ್ನು ಕರೆದದ್ದು ಸಂಖ್ಯೆ ಒತ್ತಲಿಕ್ಕೆ ಮಾತ್ರ.

ಕೊನೆಗೆ ಆದದ್ದು ಇದು. ಅಪ್ಪಂದಿರು ತಮ್ಮ 10,000ವನ್ನು 7,000ಕ್ಕೆ ಇಳಿಸಿಕೊಂಡರು. ಅದು ಅಂಗಡಿಯ ಖರ್ಚಲ್ಲ, ಅವರವರ ಡ್ರಾಯಿಂಗ್ಸೇ ಅಂತ ಆಡಿಟರ್ ಫೋನಿನಲ್ಲೇ ಹೇಳಿದರು. ಐವರಿಗೂ ಸಂಬಳದ 5 ಪರ್ಸೆಂಟ್ ಸೇರಿಸಿ ಕೊಡೋದು, ಅದನ್ನು ಅವರವರ ಪಿಂಚಣಿ ಖಾತೆಗೇ ಹಾಕೋದು, ತಿಂಗಳಿಗೆ ಒಟ್ಟು 3,900. ಪಂಪಣ್ಣನ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿ ಐದು ವರ್ಷದ ಆರ್.ಡಿ., ತಿಂಗಳಿಗೆ 5,710, ಅದು ಹಳೆಯ 27 ವರ್ಷದ ಲೆಕ್ಕಕ್ಕೆ. ನಡುವೆ ಬಿಟ್ಟು ಬೇರೆ ಕಡೆ ಹೋದರೆ ಅಂತ ಕೌಂಟರ್ ಅಪ್ಪ ಕೇಳಿದರು. ಐದು ವರ್ಷ ಸರ್ವಿಸ್ ಆದವನು ರಾಜೀನಾಮೆ ಕೊಟ್ಟು ಹೋದರೂ ಗ್ರಾಚ್ಯುಟಿ ಅವನದ್ದೇ, ಕಾನೂನಿರೋ ಕಡೆ ಹಾಗೇ ಅಂದೆವು. "ನಮ್ಗೆ ಕಾನೂನಿಲ್ಲ ಅಂತ ನೀವೇ ಅಂದ್ರಲ್ಲ" ಅಂದರು. ಅಂದರೂ ಬರೆದುಕೊಂಡರು. ಗೋಡೌನ್ ಅಪ್ಪ ಬಿಟ್ಟ ಮೇಲೂ ಈ ಕಂತುಗಳು ನಿಲ್ಲಬಾರದು ಅನ್ನೋ ಸಾಲು ಹೊಸ ಪಾಲುದಾರಿಕೆ ಪತ್ರಕ್ಕೆ ಸೇರಬೇಕು. ಪತ್ರ ಇನ್ನೂ ಆಗಿಲ್ಲ. ಉದ್ರಿ ಬರಲಿ, ಮಾರ್ಚ್ ಮುಗಿಯಲಿ ಅಂತ ನಡೀತಿದೆ. ನಮ್ಮ ಹೊಸ ಲ್ಯಾಪ್‌ಟಾಪೂ ಅದರ ಜೊತೆಗೇ ಮುಂದೆ ಹೋಗಿದೆ.

ಎಲ್ಲ ಕೂಡಿಸಿ ನೋಡಿದರೆ ಮೇಲಿನ ಭಾರ 59.3 ಬಂತು. ನಾವು ಖುಷಿಯಿಂದ ಮಾವನಿಗೆ ಮೆಸೇಜ್ ಹಾಕಿದೆವು. ಅವರ ಉತ್ತರ: "ಆರ್.ಡಿ. ಹಳೇ ಬಾಕಿ. ಅದನ್ನ ಇದ್ರಲ್ಲಿ ಸೇರಿಸ್ಬೇಡಿ. ತೆಗೆದ್ರೆ 78." ಸರಿಯೇ. ಶೀಟಿನಲ್ಲಿ ಈಗ 78 ಅಂತಲೇ ಇದೆ.

ಐವರೂ ಕುಣಿದಾಡಿದರು ಅಂತೇನಿಲ್ಲ. ಕೌಂಟರ್‌ನ ಹುಡುಗ, ಹೆಲ್ಪರ್ ಇಬ್ಬರೂ "ಆ ದುಡ್ಡು ಕೈಗೇ ಕೊಡಿ" ಅಂದರು, ಥೇಟ್ ನಮ್ಮ ಹಾಸ್ಟೆಲ್‌ನವರ ಹಾಗೆ. ಅವರನ್ನು ಒಪ್ಪಿಸಲಿಕ್ಕೆ ನಮ್ಮ ಹತ್ತಿರ ಇನ್ನೂ ಆಗಿಲ್ಲ. 29ರ ಫಿಟ್ಟರ್ ಮಾತ್ರ ಎನ್.ಪಿ.ಎಸ್. ಬೇಡ ಅಂತ ಶ್ರಮಯೋಗಿ ಮಾನ್‌ಧನ್‌ಗೆ ಸೇರಿದ್ದಾನೆ. ಅವನ ವಯಸ್ಸಿಗೆ ತಿಂಗಳಿಗೆ 100, ಕೇಂದ್ರದ್ದು 100. ಲೆಕ್ಕದ ಅಕ್ಕ ತನ್ನ 800ಕ್ಕೆ ತಾನೇ ಇನ್ನು 200 ಸೇರಿಸಿ ಸಾವಿರ ಮಾಡಿಕೊಂಡಿದ್ದಾರೆ.

ಪಂಪಣ್ಣನ ಎನ್.ಪಿ.ಎಸ್. ಅರ್ಜಿಯನ್ನು ಹಾಸ್ಟೆಲ್‌ಗೆ ಹೊರಡುವ ದಿನ ನಾವೇ ಆನ್‌ಲೈನ್‌ನಲ್ಲಿ ತುಂಬಿದೆವು. ಒ.ಟಿ.ಪಿ. ಮೂರು ಸಲ ಬರಲಿಲ್ಲ, ಶೆಡ್ಡಿನ ಹೊರಗೆ ಹಲಸಿನ ಮರದ ಬುಡಕ್ಕೆ ಹೋಗಿ ನಿಂತ ಮೇಲೆ ಬಂತು. ಹನ್ನೆರಡು ಅಂಕಿಯ ಖಾತೆ ನಂಬರ್ ಸಿಕ್ಕಿದ ಮೇಲೆ ಅದನ್ನು ಮೊಬೈಲ್‌ನಲ್ಲಿ ಸೇವ್ ಮಾಡಿ ಕೊಡ್ತೇವೆ ಅಂದೆವು. "ಮೊಬೈಲ್ ನೀರಿಗೆ ಬೀಳ್ತದೆ ತಮಾ" ಅಂದರು. ಶೆಡ್ಡಿನ ಗೋಡೆಯ ಮೇಲೆ ಅವರು ಬಣ್ಣದ ಬ್ರಶ್ಶಿನಲ್ಲಿ ಬೇರಿಂಗ್ ನಂಬರುಗಳನ್ನು ಬರೆದಿಟ್ಟಿದ್ದಾರೆ, ಯಾವ ಮೋಟರಿಗೆ 6203, ಯಾವುದಕ್ಕೆ 6204 ಅಂತ. ಅದರ ಕೆಳಗೆ ಜಾಗ ಮಾಡಿ, ನಮ್ಮ ಹತ್ತಿರ ಒಂದೊಂದೇ ಅಂಕಿ ಓದಿಸಿಕೊಂಡು, ಅದನ್ನೂ ಬರೆದರು.